ನಮ್ಮ ಮೈಯ ಕಾಗದಕ್ಕೆ ನಾವೇ ಕಪ್ಪ ಕಟ್ಟಬೇಕೆ?

(ರಜೆಗೆಂದು ಊರಿಗೆ ಬಂದಿದ್ದ ಯುವಕ ಯುವತಿಯರ ಮುಂದೆ ಗುಡೇಕೋಟೆಯಲ್ಲಿ ಆಡಿದ ಮಾತುಗಳ ಪಠ್ಯ)



ನಿಮ್ಮಲ್ಲಿ ಬಹುಪಾಲು ಜನ ಬೆಂಗಳೂರಿನಲ್ಲಿ ದುಡಿಯುವವರು. ಊರಲ್ಲಿ ಯಾರಿಗಾದರೂ ಕಾಯಿಲೆಯಾದರೆ ಮೊದಲು ಫೋನು ಬರುವುದು ನಿಮಗೆ. ಕೂಡ್ಲಿಗಿಯಲ್ಲಿ ಆಗಲಿಲ್ಲ, ಬಳ್ಳಾರಿಗೆ ಹೋಗಿ ಅಂದರು, ದಾವಣಗೆರೆಗೆ ಹೋಗಿ ಅಂದರು, ಕೊನೆಗೆ ನಿನ್ನ ಹತ್ತಿರವೇ ಕರಕೊಂಡು ಬರುತ್ತೇವಪ್ಪ ಎಂದು ಅವ್ವ ಅಳುತ್ತಾಳೆ. ನೀವು ರಜೆ ಹಾಕಿ ಓಡಾಡುತ್ತೀರಿ, ಸಾಲ ಮಾಡಿ ಬಿಲ್ಲು ಕಟ್ಟುತ್ತೀರಿ. ಎಲ್ಲಾ ಸರಿ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಅಷ್ಟೆಲ್ಲಾ ಆದ ಮೇಲೆ ಆ ಚಿಕಿತ್ಸೆಯ ಕೇಸ್ ಶೀಟು ನಿಮ್ಮ ಮನೆಗೆ ಬಂತೇ?

ಡಿಸ್ಚಾರ್ಜ್ ಸಮ್ಮರಿ ಇದೆ ಸಾರ್ ಅನ್ನುತ್ತೀರಿ. ಅದಲ್ಲ ನಾನು ಕೇಳಿದ್ದು. ಅದು ಎರಡು ಹಾಳೆ. ಆಸ್ಪತ್ರೆಯವರು ತಮಗೆ ಬೇಕಾದಂತೆ ಬರೆದು ಕೊನೆಯ ದಿನ ಕೈಗಿಟ್ಟ ಸಾರಾಂಶ. ನಿಜವಾದ ಕಥೆ ಇರುವುದು ಹಿಂದಿನ ದಪ್ಪ ಫೈಲಿನಲ್ಲಿ. ಯಾವ ಹೊತ್ತಿಗೆ ದಾಖಲು ಮಾಡಿಕೊಂಡರು, ಯಾವ ಡಾಕ್ಟರು ಯಾವಾಗ ಬಂದು ನೋಡಿದರು, ನರ್ಸಮ್ಮ ರಾತ್ರಿ ಎರಡು ಗಂಟೆಗೆ ಬಿಪಿ ಎಷ್ಟೆಂದು ಬರೆದರು, ಯಾವ ಇಂಜೆಕ್ಷನ್ನು ಎಷ್ಟು ಹೋಯಿತು, ಆಪರೇಷನ್ ಟೇಬಲ್ಲಿನ ಮೇಲೆ ಏನಾಯಿತು, ಅರಿವಳಿಕೆ ಕೊಟ್ಟವರು ಏನು ಗುರುತು ಹಾಕಿಕೊಂಡರು, ನಿಮ್ಮ ಅಪ್ಪನ ಹೆಬ್ಬೆಟ್ಟು ಯಾವ ಕಾಗದದ ಮೇಲೆ ಬಿತ್ತು. ಇದೆಲ್ಲಾ ಅಲ್ಲಿರುತ್ತದೆ. ಆ ಫೈಲು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತದೆ.

ಕೂತಿರಲಿ ಬಿಡಿ, ನಮಗೇಕೆ ಎನ್ನುವವರಿಗೆ ನಮ್ಮ ಊರಿನ ಮಾತನ್ನೇ ಹೇಳುತ್ತೇನೆ. ಬೆಂಗಳೂರಿನವರಿಗೆ ಗುಡೇಕೋಟೆ ಎಂದರೆ ಪಾಳೆಯಗಾರರ ಕೋಟೆ, ಒನಕೆ ಓಬವ್ವನ ತವರು ಎಂಬ ಹೆಮ್ಮೆಯ ಮಾತು, 2013ರಲ್ಲಿ ಘೋಷಣೆಯಾದ ಕರಡಿಧಾಮ. ಫೋಟೋ ತೆಗೆಯಲು ಬರುತ್ತಾರೆ, ಹೋಗುತ್ತಾರೆ. ನಮಗೆ ಕರಡಿ ಎಂದರೆ ಬೇರೆ. ನಸುಕಿನಲ್ಲಿ ಶೇಂಗಾ ಹೊಲಕ್ಕೆ ಹೋದವನ ಮೇಲೆ ಎರಗುವ ಪ್ರಾಣಿ ಅದು. ಹುಲಿಯ ಹಾಗೆ ಕೊಂದು ತಿನ್ನುವುದಿಲ್ಲ, ಮುಖ ಸೀಳಿ ಬಿಟ್ಟು ಹೋಗುತ್ತದೆ. ಆಮೇಲೆ ಬದುಕಿದ್ದಷ್ಟು ದಿನ ಆಸ್ಪತ್ರೆಯೇ ಗತಿ.

ನಮ್ಮ ಚಿಕ್ಕಪ್ಪನಿಗೆ ಆದದ್ದು ಇದೇ. ಕೆನ್ನೆ, ಕಣ್ಣಿನ ರೆಪ್ಪೆ, ನೆತ್ತಿಯ ಚರ್ಮ ಎಲ್ಲಾ ಕಿತ್ತು ಬಂದಿತ್ತು. ಎರಡು ಊರು ದಾಟಿಸಿ ಮೂರನೆಯ ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಹನ್ನೊಂದು ದಿನ ಇಟ್ಟುಕೊಂಡರು, ಚೆನ್ನಾಗಿಯೇ ನೋಡಿದರು, ಅದನ್ನು ಇಲ್ಲವೆನ್ನುವುದಿಲ್ಲ. ಬಿಲ್ಲು ಪೂರ್ತಿ ಕಟ್ಟಿದೆವು. ಕಾಡುಪ್ರಾಣಿಯಿಂದ ಗಾಯಗೊಂಡವರಿಗೆ ಸರ್ಕಾರದ ಪರಿಹಾರ ಇದೆ, ಅದಕ್ಕೆ ವೈದ್ಯರ ಕಾಗದ ಬೇಕು. ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋಗಿದೆ ಎಂದು ತೋರಿಸಬೇಕಾದರೆ ಚಿಕಿತ್ಸೆಯ ಪೂರ್ತಿ ದಾಖಲೆ ಬೇಕೆಂದರು. ಚಿಕ್ಕಮ್ಮ ಹೋದಳು. ಶಕ್ತಿ ಯೋಜನೆ ಇದ್ದದ್ದಕ್ಕೆ ಸಾದಾ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋದಳು. ಒಂದು ಸಲ ಅಲ್ಲ, ಮೂರು ಸಲ.

ಮೊದಲ ಸಲ, ರೆಕಾರ್ಡ್ ರೂಮಿನವರು ರಜೆ. ಎರಡನೆಯ ಸಲ, ಡಾಕ್ಟರ ಸಹಿ ಬೇಕು, ಅವರು ಕಾನ್ಫರೆನ್ಸಿಗೆ ಹೋಗಿದ್ದಾರೆ. ಮೂರನೆಯ ಸಲ ಕಿಟಕಿಯವನು ಒಂದು ಚೀಟಿ ಬರೆದು ಕೊಟ್ಟ. "ಅಮ್ಮಾ, ಇದನ್ನ ಬಿಲ್ ಕೌಂಟರಲ್ಲಿ ಕಟ್ಟಿ ಬನ್ನಿ, ಕೊಡ್ತೀವಿ."

ಚೀಟಿಯಲ್ಲಿ ಏನಿತ್ತು ಗೊತ್ತೇ? ಫೈಲು ಹುಡುಕಿ ತೆಗೆದದ್ದಕ್ಕೆ 1,500 ರೂಪಾಯಿ. 96 ಪುಟ, ಪುಟಕ್ಕೆ 20ರಂತೆ 1,920 ರೂಪಾಯಿ. ದೃಢೀಕರಣಕ್ಕೆ 500 ರೂಪಾಯಿ. ಒಟ್ಟು 3,920. "ಎದುರಿನ ಅಂಗಡೀಲಿ ಎರಡು ರೂಪಾಯಿಗೆ ಜೆರಾಕ್ಸ್ ಮಾಡ್ತಾರಲ್ಲ ಸಾರ್, ಕೊಡ್ರಿ, ನಾನೇ ಮಾಡಿಸ್ಕೊಂಡು ಬರ್ತೀನಿ" ಎಂದಳಂತೆ ಚಿಕ್ಕಮ್ಮ. ಆಗ ಆ ಮಹಾರಾಯ ನಕ್ಕನಂತೆ. ಎರಡು ರೂಪಾಯಿಯ ಲೆಕ್ಕದಲ್ಲಿ 192 ಆಗುತ್ತದೆ. ಕೇಳಿದ್ದು ಅದರ ಇಪ್ಪತ್ತು ಪಟ್ಟು! 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬಿಸಿಲಲ್ಲಿ ಹತ್ತು ದಿನ ಮಣ್ಣು ಹೊತ್ತರೂ ಆ ಕಾಗದ ಕೈಗೆ ಬರುವುದಿಲ್ಲ. ಅಲ್ಲಾ ಸ್ವಾಮಿ, ಗಾಯ ನಮ್ಮದು, ರಕ್ತ ನಮ್ಮದು, ಪರೀಕ್ಷೆಗೆ ದುಡ್ಡು ಕೊಟ್ಟವರು ನಾವು. ಅದರ ವಿವರ ಓದಲಿಕ್ಕೆ ಮತ್ತೆ ನಾವೇ ಕಪ್ಪ ಕಾಣಿಕೆ ಒಪ್ಪಿಸಬೇಕೇ? ಪಾಳೆಯಗಾರರ ಕಾಲ ಮುಗಿಯಿತು ಅಂದುಕೊಂಡಿದ್ದೆವಲ್ಲ?

ಆಮೇಲೆ ನಾನು ಕೂತು ಒಂದು ಅರ್ಜಿ ಬರೆದೆ. ಕನ್ನಡದಲ್ಲೇ ಬರೆದೆ. ಯಾವ ನಿಯಮದ ಪ್ರಕಾರ ಈ ಮೂರು ಬಾಬ್ತು ಹಾಕಿದ್ದೀರಿ, ಲಿಖಿತವಾಗಿ ತಿಳಿಸಿ ಎಂದು ಕೇಳಿದೆ. ಮೂರನೆಯ ದಿನ 1,500 ಮಾಯ! 500 ಕೂಡ ಮಾಯ! ಆದರೆ ಪುಟಕ್ಕೆ 20 ಮಾತ್ರ ಅಲ್ಲಾಡಲಿಲ್ಲ. 1,920 ಕಟ್ಟಿಯೇ ತಂದೆವು. ಏಕೆ ಅಲ್ಲಾಡಲಿಲ್ಲ? ಇವತ್ತಿನ ನನ್ನ ಮಾತೆಲ್ಲಾ ಈ "ಏಕೆ" ಎಂಬುದರ ಮೇಲೆಯೇ.

ಮೊದಲು ನಮ್ಮ ಕೈಯಲ್ಲಿ ಏನಿದೆ ತಿಳಿಯಿರಿ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ವೈದ್ಯರ ನಡವಳಿಕೆಯ ನಿಯಮಾವಳಿ ಹೊರಡಿಸಿತು. ಅದರ 1.3.1 ಹೇಳುತ್ತದೆ, ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು. 1.3.2 ಹೇಳುತ್ತದೆ, ರೋಗಿಯೋ ಅವರ ಅಧಿಕೃತ ಪ್ರತಿನಿಧಿಯೋ ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ 7.2ರ ಪ್ರಕಾರ ಅದು ವೃತ್ತಿ ದುರ್ನಡತೆ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತು, ಅದೇ ತಿಂಗಳಲ್ಲಿ ತಾನೇ ಅದನ್ನು ತಡೆಹಿಡಿಯಿತು. ಹಾಗಾಗಿ 2002ರದ್ದೇ ಮತ್ತೆ ಊರ್ಜಿತಕ್ಕೆ ಬಂತು. ಇನ್ನೂ ಹಿಂದಕ್ಕೆ ಹೋದರೆ 1996ರಲ್ಲಿ ರಘುನಾಥ್ ರಹೇಜಾ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು ಇದನ್ನು ಬಿಡಿಸಿ ಹೇಳಿದೆ. ರೋಗಿಗೇ ರೋಗಿಯ ಕಾಗದ ಕೊಡಲು "ಗೋಪ್ಯ" ಎಂಬ ನೆಪ ಒಡ್ಡುವಂತಿಲ್ಲ, ಕೇಳಿದರೆ ಕೊಡಬೇಕು, ಪ್ರತಿಯ ಖರ್ಚು ತೆಗೆದುಕೊಳ್ಳಬಹುದು ಎಂದಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಪತ್ರವನ್ನು ಕೇಂದ್ರ ಆರೋಗ್ಯ ಇಲಾಖೆ 2019ರಲ್ಲಿ ಎಲ್ಲಾ ರಾಜ್ಯಗಳಿಗೆ ಕಳಿಸಿತು. ಆಸ್ಪತ್ರೆಯಲ್ಲಿ ಇರುವಾಗ ಸಾಧ್ಯವಾದರೆ 24 ಗಂಟೆಯಲ್ಲಿ, ಬಿಡುಗಡೆಯಾದ ಮೇಲೆ 72 ಗಂಟೆಯಲ್ಲಿ ಪ್ರತಿ ಕೊಡಬೇಕು, ಸೂಕ್ತ ಶುಲ್ಕ ಪಡೆಯಬಹುದು ಅಥವಾ ರೋಗಿಯೇ ತನ್ನ ಖರ್ಚಿನಲ್ಲಿ ಜೆರಾಕ್ಸ್ ಮಾಡಿಸಿಕೊಳ್ಳಲು ಬಿಡಬೇಕು ಎಂದು ಅದರಲ್ಲಿದೆ. ಚಿಕ್ಕಮ್ಮ ಕೇಳಿದ್ದೂ ಇದನ್ನೇ! ಓದು ಬರಹ ಅಷ್ಟಕ್ಕಷ್ಟೇ ಇರುವ ಹೆಂಗಸು ದೆಹಲಿಯ ಹಕ್ಕುಪತ್ರದಲ್ಲಿ ಇದ್ದದ್ದನ್ನೇ ತನ್ನ ಬುದ್ಧಿಯಿಂದ ಕೇಳಿದ್ದಳು. ಕಿಟಕಿಯವನು ನಕ್ಕ.

ಈಗ ಬಿರುಕು ಎಲ್ಲಿದೆ ನೋಡಿ. 2002ರವರು ಗಂಟೆ ಹೇಳಿದರು, ದರ ಹೇಳಲಿಲ್ಲ. ಹೈಕೋರ್ಟು "ಖರ್ಚು" ಎಂದಿತು. ಹಕ್ಕುಪತ್ರ "ಸೂಕ್ತ ಶುಲ್ಕ" ಎಂದಿತು. ಸೂಕ್ತ ಎಂದರೆ ಎಷ್ಟು? ಯಾರಿಗೆ ಸೂಕ್ತ? ಅಂಕಿ ಇಲ್ಲದ ಕಡೆ ಅಂಕಿ ಬರೆಯುವವನು ಕಿಟಕಿಯ ಒಳಗೆ ಕೂತವನೇ. ಪುಟಕ್ಕೆ 20 ಎಂದು ಅವನು ಬರೆದ, ನಾಳೆ 50 ಎಂದು ಬರೆದರೂ ಕೇಳುವವರಿಲ್ಲ. ಇದು ಕೇವಲ ಲೋಭದ ಪ್ರಶ್ನೆ ಎಂದು ತಿಳಿಯಬೇಡಿ. ಎಷ್ಟೋ ಕಡೆ ಆ ದರ ಇರುವುದು ದುಡ್ಡು ಮಾಡಲಿಕ್ಕಲ್ಲ, ಕೇಳಿದವನು ವಾಪಸ್ಸು ಹೋಗಲಿ ಎಂದು. ಒಂದು ಆಸ್ಪತ್ರೆ ಜೆರಾಕ್ಸಿನಿಂದ ಶ್ರೀಮಂತವಾಗುತ್ತದೆಯೇ? ಇಲ್ಲ. ಆದರೆ ಆ 96 ಪುಟದೊಳಗೆ ಒಂದು ಪುಟ ಅವರಿಗೆ ಬೇಡದ್ದು ಇರಬಹುದು. ಅದಕ್ಕೆ ದರ ಬೇಲಿಯಾಗುತ್ತದೆ.

ದರ ಕಟ್ಟುವುದು ಅಷ್ಟೊಂದು ಕಷ್ಟದ ಕೆಲಸವೇ? ಕರ್ನಾಟಕಕ್ಕೆ ಇದು ಹೊಸದಲ್ಲ. ನಿಮ್ಮ ಅಪ್ಪನನ್ನು ಕೇಳಿ, ಒಂದು ಕಾಲದಲ್ಲಿ ಪಹಣಿಯ ಉತಾರ ಬೇಕೆಂದರೆ ಏನು ಪಾಡು ಇತ್ತು ಎಂದು. ಊರಿನ ಭೂಮಿಯ ಲೆಕ್ಕವೆಲ್ಲಾ ಒಬ್ಬರ ಕಂಕುಳಲ್ಲಿ. ಹಿಂದೆ ಶ್ಯಾನುಭೋಗರ ಕೈಯಲ್ಲಿ ಕಡತ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಬರೆದು ಮಡಚಿಡುತ್ತಿದ್ದ ಕಪ್ಪು ಪುಸ್ತಕ. ಆ ಹೆಸರೇ ಇವತ್ತಿನ ಕಚೇರಿಯ ಕಡತಕ್ಕೂ ಉಳಿದಿದೆ. ಆಮೇಲೆ ಗ್ರಾಮಲೆಕ್ಕಿಗರ ಕೈಯಲ್ಲಿ ರಿಜಿಸ್ಟರು. ಕೈ ಬೆಚ್ಚಗೆ ಮಾಡದೆ ಉತಾರ ಸಿಗುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ "ಭೂಮಿ" ಯೋಜನೆ ಬಂತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಡು, ಪಹಣಿ ತಗೋ. ದರ ಗೋಡೆಯ ಮೇಲೆ ಬರೆದಿತ್ತು. ಅಲ್ಲಿಗೆ ಲಂಚವೆಲ್ಲಾ ನಿಂತಿತು ಎಂದು ನಾನು ಹೇಳುವುದಿಲ್ಲ, ಹೇಳಿದರೆ ನೀವೇ ನಗುತ್ತೀರಿ. ಆದರೆ ನಕಲಿಗೆ ಎಷ್ಟು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. 2005ರಲ್ಲಿ ಮಾಹಿತಿ ಹಕ್ಕು ಬಂತು. ಅರ್ಜಿಗೆ 10 ರೂಪಾಯಿ, ಎ4 ಅಳತೆಯ ಪುಟಕ್ಕೆ 2 ರೂಪಾಯಿ. ವಿಧಾನಸೌಧದ ಕಾಗದಕ್ಕೂ ಎರಡೇ ರೂಪಾಯಿ! 2011ರಲ್ಲಿ ಸಕಾಲ ಕಾಯ್ದೆ ಬಂತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಅರ್ಜಿದಾರನಿಗೇ ಕೊಡಬೇಕೆಂದು ಬರೆದರು.

ಹೊಲದ ಕಾಗದಕ್ಕೆ ದರ ಕಟ್ಟಿದ ರಾಜ್ಯ, ಮಂತ್ರಿಯ ಕಡತಕ್ಕೆ ದರ ಕಟ್ಟಿದ ರಾಜ್ಯ, ತಡಮಾಡಿದ್ದಕ್ಕೆ ದಿನದ ಲೆಕ್ಕದಲ್ಲಿ ದಂಡ ಕಟ್ಟಿದ ರಾಜ್ಯ. ಇದೇ ರಾಜ್ಯಕ್ಕೆ ರೋಗಿಯ ಕೇಸ್ ಶೀಟಿಗೆ ಪುಟಕ್ಕಿಷ್ಟು ಎಂದು ಒಂದು ಸಾಲು ಬರೆಯಲು ಏನು ಅಡ್ಡಿ?

ಹೊರದೇಶದ ಮಾತು ಹೇಳಿದರೆ ಕೆಲವರಿಗೆ ನಂಬಿಕೆ ಬರುತ್ತದೆ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಕಾಗದದ ವೈದ್ಯಕೀಯ ದಾಖಲೆಗೆ 50 ಪೌಂಡಿನ ಮಿತಿ ಇತ್ತು. 2018ರ ಮೇ 25ರಿಂದ ರೋಗಿಗೆ ತನ್ನ ದಾಖಲೆ ಸಾಮಾನ್ಯವಾಗಿ ಉಚಿತ. ಜರ್ಮನಿಯಲ್ಲಿ ಒಬ್ಬ ರೋಗಿ ತನ್ನ ಹಲ್ಲಿನ ಡಾಕ್ಟರ ಹತ್ತಿರ ಕಾಗದ ಕೇಳಿದ, ಅವರು ಖರ್ಚು ಕೊಡು ಎಂದರು. ಜಗಳ ಯುರೋಪಿನ ದೊಡ್ಡ ನ್ಯಾಯಾಲಯದ ತನಕ ಹೋಯಿತು. 2023ರ ಅಕ್ಟೋಬರ್ 26ರಂದು ತೀರ್ಪು ಬಂತು: ಮೊದಲ ಪ್ರತಿ ಉಚಿತ, ಏಕೆ ಬೇಕೆಂದು ರೋಗಿ ಕಾರಣವನ್ನೂ ಹೇಳಬೇಕಾಗಿಲ್ಲ. ದುಡ್ಡೇ ದೇವರೆನ್ನುವ ಅಮೆರಿಕದಲ್ಲಿ ಕೂಡ ರೋಗಿ ತನ್ನ ಪ್ರತಿ ಕೇಳಿದರೆ ಪ್ರತಿ ಮಾಡುವ ಕೂಲಿ, ಕಾಗದ, ಅಂಚೆ ಇಷ್ಟರದ್ದೇ ವೆಚ್ಚ ಹಿಡಿಯಬೇಕು. ಫೈಲು ಹುಡುಕಿದ್ದಕ್ಕೆ ದುಡ್ಡು ಕೇಳುವಂತಿಲ್ಲ. ನಮ್ಮ ಚಿಕ್ಕಮ್ಮನ ಚೀಟಿಯ 1,500 ಅಮೆರಿಕದಲ್ಲಿ ನಡೆಯುತ್ತಿರಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಈ ಸುಲಿಗೆ ಇಲ್ಲ, ಅಲ್ಲಿ ಬೇರೆ ರೋಗ. "ಆಮೇಲೆ ಬಾ." ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ. 72 ಗಂಟೆಯ ನಿಯಮ ಸರ್ಕಾರಿ ವೈದ್ಯರಿಗೂ ಅನ್ವಯ. ಅದು ನಡೆಯದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ರೋಗಿಗೆ ತನ್ನ ದಾಖಲೆ ಪಡೆಯುವ ಹಕ್ಕಿದೆ ಎಂದು ಕೇಂದ್ರ ಮಾಹಿತಿ ಆಯೋಗ 2014ರಲ್ಲೇ ಆದೇಶ ಮಾಡಿದೆ. ಅರ್ಜಿ ಕನ್ನಡದಲ್ಲಿ ಬರೆಯಬಹುದು, ಆ ಪ್ರದೇಶದ ರಾಜ್ಯಭಾಷೆಯಲ್ಲಿ ಅರ್ಜಿ ಹಾಕುವ ಹಕ್ಕು ಕಾಯ್ದೆಯ 6ನೇ ಕಲಮಿನಲ್ಲೇ ಇದೆ. ಬಡತನ ರೇಖೆಗಿಂತ ಕೆಳಗಿನವರಿಂದ ಶುಲ್ಕ ಪಡೆಯುವಂತಿಲ್ಲ ಎಂದು 7(5) ಹೇಳುತ್ತದೆ, ಕಾರ್ಡಿನ ಪ್ರತಿ ಲಗತ್ತಿಸಿ.

ಕಾಗದದಲ್ಲಿ ಏನು ಮಹಾ ಇದೆ ಎನ್ನುವವರು 2024ರ ನವೆಂಬರನ್ನು ನೆನಪಿಸಿಕೊಳ್ಳಿ. ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಕಣ್ಣು ಮುಚ್ಚಿದರು. ಡಿಸೆಂಬರಿನ ಹೊತ್ತಿಗೆ ಸತ್ತವರು ಐವರು. ಹಸುಗೂಸುಗಳು ತಬ್ಬಲಿಯಾದವು. ಸಂಶಯ ಹೋದದ್ದು ಡ್ರಿಪ್ಪಿಗೆ ಹಾಕುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಪಶ್ಚಿಮ ಬಂಗಾಳದ ಒಂದು ಕಂಪನಿಯ ಮಾಲು. ಅದರ ಬಳಕೆಯನ್ನು ಸರ್ಕಾರ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ದೊಡ್ಡ ಸುದ್ದಿಯಾದ್ದರಿಂದ ತನಿಖೆ ನಡೆಯಿತು. ಸುದ್ದಿಯಾಗದ ಸಾವುಗಳಲ್ಲಿ? ಯಾವ ಬಾಟಲಿ, ಎಷ್ಟು ಗಂಟೆಗೆ ಏರಿಸಿದರು, ಯಾವಾಗ ಚಳಿ ಶುರುವಾಯಿತು, ಯಾವಾಗ ಮೂತ್ರ ನಿಂತಿತು, ಇದನ್ನು ಹೇಳುವ ಸಾಕ್ಷಿ ಆ ಫೈಲೊಂದೇ. ಸತ್ತವಳು ಬಂದು ಹೇಳುವುದಿಲ್ಲ. ಅವಳ ಗಂಡನಿಗೋ ತಾಯಿಗೋ ಆ ಫೈಲಿನ ಪ್ರತಿ ಸಿಗಲೇಬೇಕು.

ಪಟ್ಟಣದಲ್ಲಿರುವ ನಿಮಗೂ ಇದು ದೂರದ ಮಾತಲ್ಲ. ಕಂಪನಿಯ ವಿಮೆ ಇದೆ ಎಂದು ನಿಶ್ಚಿಂತೆಯಿಂದ ಇದ್ದೀರಿ. ಅಪ್ಪನನ್ನು ಸೇರಿಸಿದ ಮೇಲೆ ವಿಮೆಯವರು ಪತ್ರ ಹಾಕುತ್ತಾರೆ, ಈ ಕಾಯಿಲೆ ಮೊದಲೇ ಇತ್ತಲ್ಲ, ಇನ್‌ಡೋರ್ ಕೇಸ್ ಪೇಪರ್ ಕಳಿಸಿ ಎಂದು. ಆಗ ನೀವು ಅದೇ ಕಿಟಕಿಯ ಮುಂದೆ ನಿಲ್ಲುತ್ತೀರಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳೋಣ ಎಂದರೂ ಅದೇ ಕಿಟಕಿ. ಹಳೆಯ ಕಾಗದ ಇಲ್ಲದಿದ್ದರೆ ಹೊಸ ಆಸ್ಪತ್ರೆಯವರು ಎಲ್ಲಾ ಪರೀಕ್ಷೆ ಮತ್ತೆ ಮಾಡಿಸುತ್ತಾರೆ. ರಕ್ತ ಮತ್ತೆ, ಸ್ಕ್ಯಾನು ಮತ್ತೆ, ದುಡ್ಡು ಮತ್ತೆ.

ಆಸ್ಪತ್ರೆಯವರ ಪಕ್ಷವನ್ನೂ ಕೇಳೋಣ, ಅವರೆಲ್ಲಾ ಶತ್ರುಗಳಲ್ಲ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯಂಥ ಊರುಗಳಲ್ಲಿ ಸಣ್ಣ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರುಗಳು ಇದ್ದಾರೆ. ಅವರಿಗೆ ರೆಕಾರ್ಡ್ ರೂಮಿಗೆಂದೇ ಗುಮಾಸ್ತನನ್ನು ಇಡುವ ಶಕ್ತಿ ಇಲ್ಲ. ಅಂಥವರ ನಿಜವಾದ ಖರ್ಚು ಕೊಡೋಣ. ಎಕ್ಸ್‌ರೇ ಫಿಲಮಿನ ಹೊಸ ಪ್ರತಿ ತೆಗೆದರೆ ಅದರ ಬೆಲೆ ಬೇರೆ, ಒಪ್ಪಿದೆ. ಆದರೆ ಫೈಲು ಇಟ್ಟುಕೊಳ್ಳುವುದು ಅವರ ಕಾನೂನುಬದ್ಧ ಕರ್ತವ್ಯ. ಇಟ್ಟದ್ದನ್ನು ಹುಡುಕುವುದಕ್ಕೆ ಕೂಲಿ ಕೇಳಿದರೆ, ಬ್ಯಾಂಕಿನವರು ನಮ್ಮ ದುಡ್ಡನ್ನು ನಮಗೆ ಎಣಿಸಿ ಕೊಟ್ಟದ್ದಕ್ಕೆ ಕೂಲಿ ಕೇಳಿದ ಹಾಗಾಯಿತು. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳಲ್ಲಂತೂ ಎಲ್ಲಾ ಕಂಪ್ಯೂಟರಿನಲ್ಲೇ ಇದೆ. ಗುಂಡಿ ಒತ್ತಿದರೆ ಇಮೇಲಿಗೆ ಹೋಗುತ್ತದೆ. ಅದಕ್ಕೂ ಪುಟಕ್ಕಿಷ್ಟು ಎಂದು ಎಣಿಸುವವರನ್ನು ಏನೆನ್ನಬೇಕು?

ಇನ್ನೊಂದು ಮಾತು, ಈ ಪತ್ರಿಕೆಯನ್ನು ಓದುವ ನಿಮಗೆ ಹೇಳದಿದ್ದರೆ ಆಗದು. ದುಡ್ಡು ಸುರಿದು ತಂದ ಆ 96 ಪುಟ ಚಿಕ್ಕಮ್ಮನಿಗೆ ಓದಲು ಬಂತೇ? ಒಂದಕ್ಷರ ಇಲ್ಲ. ಎಲ್ಲಾ ಇಂಗ್ಲಿಷು, ಅದೂ ಕಾಗೆ ಕಾಲು ಗುಬ್ಬಿ ಕಾಲು. ಚಿಕ್ಕಪ್ಪ ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರ ಕೂಡ ಇಂಗ್ಲಿಷಿನಲ್ಲೇ ಇತ್ತು. ಯಾವುದಕ್ಕೆ ಒಪ್ಪಿದನೋ ಆ ಪುಣ್ಯಾತ್ಮ! 2024ರ ಸೆಪ್ಟೆಂಬರಿನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದಾಗ ಕೆಲವರು ಗೇಲಿ ಮಾಡಿದರು. ಔಷಧದ ಹೆಸರು ಹೇಗೆ ಬರೆಯುವುದು, ಅಂಗಡಿಯವನು ತಪ್ಪು ಮಾತ್ರೆ ಕೊಟ್ಟರೆ ಎಂದು. ಆ ಚರ್ಚೆ ಇರಲಿ. ವೈದ್ಯರ ತಾಂತ್ರಿಕ ಟಿಪ್ಪಣಿ ಇಂಗ್ಲಿಷಿನಲ್ಲಿದ್ದರೂ ಸಹಿಸೋಣ. ಆದರೆ ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರ, ಮನೆಗೆ ಹೋದ ಮೇಲೆ ಏನು ಮಾಡಬೇಕೆಂಬ ಸೂಚನೆ, ದಾಖಲೆ ಕೇಳುವ ಅರ್ಜಿಯ ನಮೂನೆ ಮತ್ತು ಅದರ ದರಪಟ್ಟಿ, ಇವಿಷ್ಟು ಕನ್ನಡದಲ್ಲಿ ಇರಲೇಬೇಕು. ಮುಖ್ಯ ದರಗಳನ್ನು ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಹಾಕಬೇಕೆಂದು ಆ ಕೇಂದ್ರದ ಹಕ್ಕುಪತ್ರವೇ ಹೇಳುತ್ತದೆ. ಸ್ಥಳೀಯ ಭಾಷೆ ಎಂದರೆ ಗುಡೇಕೋಟೆಯವರಿಗೆ ಯಾವುದು ಎಂದು ಬಿಡಿಸಿ ಹೇಳಬೇಕೇ?

ಹಾಗಾದರೆ ಯಾರನ್ನು ಕೇಳಬೇಕು? ಕರ್ನಾಟಕಕ್ಕೆ ತನ್ನದೇ ಕಾಯ್ದೆ ಇದೆ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. 2017ರಲ್ಲಿ ಅದಕ್ಕೆ ಹಲ್ಲು ಮೂಡಿಸಲು ಹೊರಟಾಗ ಏನಾಯಿತು? ರಮೇಶ್ ಕುಮಾರ್ ಆರೋಗ್ಯ ಸಚಿವರು. ನವೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ. ರಾಜ್ಯದ ಖಾಸಗಿ ವೈದ್ಯರು ಬಾಗಿಲು ಹಾಕಿಕೊಂಡು ಮುಷ್ಕರ ಹೂಡಿದರು. ಕೊನೆಗೆ ಮಸೂದೆ ಸಾಕಷ್ಟು ಮೆತ್ತಗಾಗಿಯೇ ಪಾಸಾಯಿತು. ಆದರೂ ಎರಡು ಒಳ್ಳೆಯದು ಉಳಿಯಿತು. ಬಿಲ್ಲು ಬಾಕಿ ಇದೆ ಎಂದು ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದಾಯಿತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ನಮ್ಮ ತಾಲ್ಲೂಕಿನವರಿಗೆ ಅದು ಬಳ್ಳಾರಿಯಲ್ಲಲ್ಲ, ಹೊಸಪೇಟೆಯಲ್ಲಿ.

ನಮ್ಮ ಬೇಡಿಕೆ ಇಷ್ಟೇ. ಈ ಕಾಯ್ದೆಯ ನಿಯಮಗಳಲ್ಲಿ ಅಂಕಿ ಬರಲಿ. ಪುಟಕ್ಕೆ 2 ರೂಪಾಯಿ ಮೀರಬಾರದು, ಮಾಹಿತಿ ಹಕ್ಕಿನ ದರವೇ ಇಲ್ಲಿಯೂ ಸಾಕು. ಕಂಪ್ಯೂಟರಿನಲ್ಲಿರುವುದನ್ನು ಕಳಿಸಲು ಶುಲ್ಕ ಬೇಡ. ಹುಡುಕಿದ ಕೂಲಿ ಎಂಬ ಬಾಬ್ತೇ ಇರಬಾರದು. ಬಿಪಿಎಲ್ ಕಾರ್ಡಿನವರಿಗೂ, ಸತ್ತವರ ಮನೆಯವರಿಗೂ ಮೊದಲ ಪ್ರತಿ ಉಚಿತವಾಗಲಿ. 72 ಗಂಟೆ ಮೀರಿದರೆ ಸಕಾಲದ ಹಾಗೆ ದಿನದ ಲೆಕ್ಕದಲ್ಲಿ ದಂಡ ಬೀಳಲಿ, ಅದು ಖಜಾನೆಗಲ್ಲ, ರೋಗಿಯ ಕೈಗೆ ಹೋಗಲಿ. ಇದಕ್ಕೆ ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದು ಅಧಿಸೂಚನೆ ಸಾಕು. ನಿಮ್ಮ ಕ್ಷೇತ್ರದ ಶಾಸಕರು ಮದುವೆಗೆ, ಜಾತ್ರೆಗೆ ಬಂದೇ ಬರುತ್ತಾರೆ. ಹಾರ ಹಾಕುವ ಮೊದಲು ಇದನ್ನು ಕೇಳಿ.

ಅಲ್ಲಿಯ ತನಕ ಸುಮ್ಮನೆ ಕೂರುವುದು ಬೇಡ. ಬಾಯಿಮಾತಿನಲ್ಲಿ ಕೇಳಿದರೆ "ನಾಳೆ ಬಾ" ಎನ್ನುವವರು ಕಾಗದ ಕಂಡರೆ ನೆಟ್ಟಗಾಗುತ್ತಾರೆ. ಮೂರು ವರ್ಷ ಕಳೆದರೆ ಫೈಲು ಇರುತ್ತದೆಂಬ ಭರವಸೆಯಿಲ್ಲ, ಗ್ರಾಹಕರ ಆಯೋಗಕ್ಕೆ ಹೋಗಲು ಇರುವುದು ಎರಡೇ ವರ್ಷ. ಆದ್ದರಿಂದ ಬಿಡುಗಡೆಯಾದ ದಿನವೇ ಅರ್ಜಿ ಕೊಡಿ. ಚಿಕ್ಕಪ್ಪನಿಗಾಗಿ ನಾನು ಬರೆದ ಅರ್ಜಿಯನ್ನೇ ಸ್ವಲ್ಪ ತಿದ್ದಿ ಹೇಳುತ್ತೇನೆ, ಮೊಬೈಲು ತೆಗೆದು ಬರೆದುಕೊಳ್ಳಿ.

"ವೈದ್ಯಕೀಯ ಅಧೀಕ್ಷಕರಿಗೆ. ಇಂಥ ದಿನದಿಂದ ಇಂಥ ದಿನದ ತನಕ ತಮ್ಮಲ್ಲಿ ಒಳರೋಗಿಯಾಗಿದ್ದ ಇಂಥವರ, ಒಳರೋಗಿ ಸಂಖ್ಯೆ ಇಷ್ಟು, ಸಂಪೂರ್ಣ ದಾಖಲೆಯ ಪ್ರತಿಯನ್ನು 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯ 1.3.2ರಂತೆ 72 ಗಂಟೆಯೊಳಗೆ ಕೊಡಬೇಕಾಗಿ ಕೋರಿಕೆ. ದಾಖಲು ಟಿಪ್ಪಣಿ, ದಿನದ ಟಿಪ್ಪಣಿ, ನರ್ಸಿಂಗ್ ಚಾರ್ಟು, ಔಷಧ ಚಾರ್ಟು, ಆಪರೇಷನ್ ಮತ್ತು ಅರಿವಳಿಕೆ ಟಿಪ್ಪಣಿ, ಒಪ್ಪಿಗೆ ಪತ್ರ, ಎಲ್ಲಾ ಪರೀಕ್ಷಾ ವರದಿ ಸೇರಿರಲಿ. ಶುಲ್ಕವಿದ್ದಲ್ಲಿ ಯಾವ ನಿಯಮದಡಿ ಎಂಬುದನ್ನು ಲಿಖಿತವಾಗಿ ತಿಳಿಸಿ, ಪುಟವಾರು ರಸೀದಿ ಕೊಡಬೇಕು. ಅಥವಾ ನನ್ನ ಖರ್ಚಿನಲ್ಲಿ ತಮ್ಮ ಸಿಬ್ಬಂದಿಯ ಎದುರಿಗೆ ಜೆರಾಕ್ಸ್ ಮಾಡಿಸಿಕೊಳ್ಳಲು ಅವಕಾಶ ಕೊಡಬೇಕು."

ಕೆಳಗೆ ರೋಗಿಯ ಸಹಿ ಅಥವಾ ಹೆಬ್ಬೆಟ್ಟು. ನೀವು ಹೋಗುವುದಾದರೆ ನಿಮ್ಮ ಹೆಸರಿಗೆ ರೋಗಿಯ ಅಧಿಕಾರ ಪತ್ರ, ಇಬ್ಬರ ಗುರುತಿನ ಚೀಟಿಯ ಪ್ರತಿ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಹೊತ್ತು ಹಾಕಿಸಿಕೊಳ್ಳಿ. ಹೊತ್ತು ಮರೆಯಬೇಡಿ, ಗಂಟೆಯ ಲೆಕ್ಕ ಶುರುವಾಗುವುದು ಅಲ್ಲಿಂದ. ಸೀಲು ಹಾಕುವುದಿಲ್ಲ ಎಂದರೆ ಎದುರಿನ ಅಂಚೆ ಕಚೇರಿಯಿಂದ ಅದೇ ದಿನ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟು ಹಾಕಿ. ಮೂರು ದಿನ ಕಳೆದೂ ಉತ್ತರವಿಲ್ಲದಿದ್ದರೆ ಅದೇ ಪ್ರತಿಯನ್ನು ಲಗತ್ತಿಸಿ ಒಂದು ದೂರು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಇನ್ನೊಂದು ಆ ಆಸ್ಪತ್ರೆ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗೆ. ಪುಟಕ್ಕೆ ಎಷ್ಟು ತೆಗೆದುಕೊಂಡರು ಎಂಬ ರಸೀದಿಯನ್ನು ಎಸೆಯಬೇಡಿ. ಫೋಟೋ ತೆಗೆದು ಇಟ್ಟುಕೊಳ್ಳಿ, ನಿಮ್ಮ ಊರಿನ ಗೆಳೆಯರ ಹತ್ತಿರ ಇರುವುದನ್ನೂ ಕೂಡಿಸಿ. ಅಂಥ ನೂರು ರಸೀದಿ ಒಟ್ಟಾದರೆ ಹೊಸಪೇಟೆಗೆ ಹೋಗೋಣ, ಮುಂದಿನ ಬಸ್ಸು ಬೆಂಗಳೂರಿನ ವಿಕಾಸಸೌಧಕ್ಕೆ.